ಘಾಟ್ ರಸ್ತೆಗೆ ಫೋರ್-ಬೈ-ಫೋರ್ ಬೇಕೇ?

ಪುಣೆಯಲ್ಲಿ ಕಾರು ಕೊಳ್ಳಲು ಹೊರಟ ಕನ್ನಡಿಗರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಊರಿಗೆ ಹೋಗೋದು ಬರೋದು ಇದ್ದೇ ಇದೆ, ಮಳೆಗಾಲದಲ್ಲಿ ತಾಮ್ಹಿಣಿ, ಮಹಾಬಳೇಶ್ವರ, ರಜೆಗೆ ಕೊಂಕಣ. ಎಲ್ಲಾ ಕಡೆ ಘಾಟೇ. ಫೋರ್-ಬೈ-ಫೋರ್ ತಗೊಂಡುಬಿಡೋದೇ ಒಳ್ಳೇದಲ್ವಾ?" ಗೋವಾದಲ್ಲಿದ್ದು ಬೆಳಗಾವಿ, ಹುಬ್ಬಳ್ಳಿಗೆ ಓಡಾಡುವವರದ್ದೂ ಇದೇ ಪ್ರಶ್ನೆ. ಘಾಟಿನ ಹೆಸರು ಮಾತ್ರ ಚೋರ್ಲಾ ಅಥವಾ ಅನಮೋಡ.

ಫೋರ್-ಬೈ-ಫೋರ್ ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ. ಡಾಂಬರು ಇರುವವರೆಗೆ ಅದು ಬೇಡ. ಡಾಂಬರು ಮುಗಿದ ಮೇಲೂ ನಿಮ್ಮ ದಾರಿ ಮುಗಿಯದಿದ್ದರೆ ಬೇಕಾಗಬಹುದು. ಮುಳಶಿ, ಪಾನಶೇತ್ ಕಡೆ ಒಂದು ತುಂಡು ಜಮೀನು, ಅಲ್ಲಿಗೆ ಒಂದೂವರೆ ಕಿಲೋಮೀಟರ್ ಕೆಂಪು ಮಣ್ಣಿನ ಏರು, ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೋಗಲೇಬೇಕು ಅನ್ನುವವರ ಲೆಕ್ಕ ಬೇರೆ. ಉಳಿದವರು ಆ ದುಡ್ಡನ್ನು ಟೈರಿಗೆ, ಬ್ರೇಕಿಗೆ, ಸರಿಯಾದ ಗೇರ್‌ಬಾಕ್ಸಿಗೆ ಹಾಕುವುದು ಜಾಣತನ.

ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ. ಸಾಧಾರಣ ಫ್ರಂಟ್-ವೀಲ್ ಡ್ರೈವ್ ಕಾರು (ಎಂಜಿನ್ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ), ಐದು ಜನ, ಡಿಕ್ಕಿ ತುಂಬ ಸಾಮಾನು: ಒಟ್ಟು 1,500 ಕಿಲೋ ಎನ್ನಿ. ಖಾಲಿ ಇದ್ದಾಗ ಇಂಥ ಕಾರಿನ ಭಾರದಲ್ಲಿ ಶೇಕಡಾ 60ರಷ್ಟು ಮುಂದಿನ ಚಕ್ರಗಳ ಮೇಲೆ ಇರುತ್ತದೆ. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದಾಗ ಅದು 50ಕ್ಕೆ ಇಳಿಯುತ್ತದೆ. ಅಂದರೆ ಮುಂದೆ 750 ಕಿಲೋ. ಗುಡ್ಡಗಾಡು ಹೆದ್ದಾರಿಗಳ ಏರು ನೂರು ಮೀಟರಿಗೆ ಸಾಮಾನ್ಯವಾಗಿ 5ರಿಂದ 6 ಮೀಟರ್, ತೀರಾ ಬೇರೆ ದಾರಿ ಇಲ್ಲದಲ್ಲಿ 7 ಅಥವಾ 8. ಏಳೇ ಇರಲಿ. ಗಾಡಿಯನ್ನು ಮೇಲಕ್ಕೆ ತಳ್ಳಲು ಬೇಕಾದ ಬಲ 1,500ರ ಶೇಕಡಾ 7, ಸುಮಾರು 105 ಕಿಲೋ. ಏರಿನಲ್ಲಿ ಭಾರ ಹಿಂದಕ್ಕೆ ಜಾರಿ ಮುಂದಿನ ಚಕ್ರಗಳ ಮೇಲೆ 725 ಕಿಲೋ ಉಳಿಯುತ್ತದೆ. ಮಳೆಯಲ್ಲಿ ನೆನೆದ ಡಾಂಬರು ಅದರ ಅರ್ಧದಷ್ಟಾದರೂ ಹಿಡಿತ ಕೊಡುತ್ತದೆ, ಅಂದರೆ 360 ಕಿಲೋ. ಬೇಕಾಗಿದ್ದು 105, ಸಿಗುತ್ತಿರುವುದು 360. ಟೈರ್ ಚೆನ್ನಾಗಿದ್ದರೆ ಎರಡೇ ಚಕ್ರ ಸಾಕು.

ಈಗ ಅದೇ ಕಾರನ್ನು ಡಾಂಬರಿನಿಂದ ಇಳಿಸಿ ಫಾರ್ಮ್‌ಹೌಸಿನ ಕಾಂಕ್ರೀಟ್ ಏರಿನ ಬುಡದಲ್ಲಿ ನಿಲ್ಲಿಸಿ. ಇಂಥ ಖಾಸಗಿ ಏರುಗಳಿಗೆ ಹೆದ್ದಾರಿಯ ನಿಯಮ ಯಾರೂ ಕೇಳುವುದಿಲ್ಲ, ಐದಕ್ಕೆ ಒಂದು ಮೀಟರ್ ಎತ್ತರ ಇರುವುದು ಮಾಮೂಲು. ಆಗಸ್ಟ್ ಹೊತ್ತಿಗೆ ಅದರ ಮೇಲೆ ಹಸಿರು ಪಾಚಿ ಬಂದಿರುತ್ತದೆ, ಹಿಡಿತ ಭಾರದ ಕಾಲು ಭಾಗಕ್ಕೆ ಬಿದ್ದಿರುತ್ತದೆ. ಬೇಕಾದ ಬಲ ಸುಮಾರು 300 ಕಿಲೋ. ಮುಂದಿನ ಚಕ್ರಗಳ ಮೇಲೆ ಉಳಿದ ಭಾರ 680, ಅದರ ಕಾಲು ಭಾಗ 170. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ. ಹಿಂಬದಿ ಚಕ್ರದ ಗಾಡಿ ತಂದರೂ 205ರ ಮೇಲೆ ಹೋಗುವುದಿಲ್ಲ. ನಾಲ್ಕೂ ಚಕ್ರ ತಳ್ಳಿದರೆ 370 ಸಿಗುತ್ತದೆ, ಗಾಡಿ ಏರುತ್ತದೆ. ನಾಲ್ಕು ಚಕ್ರದ ಡ್ರೈವಿಗೆ ಕೊಡುವ ಹೆಚ್ಚಿನ ದುಡ್ಡಿಗೆ ಬೆಲೆ ಬರುವುದು ಇಂಥ ಜಾಗದಲ್ಲಿ. (ಒಂದು ಒರಟು ಬ್ರಷ್, ಒಂದಿಷ್ಟು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಪಾಚಿಯೇ ಹೋಗುತ್ತದೆ. ಆದರೆ ಶೋರೂಮಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ.)

ಪಾಚಿ ಇಲ್ಲದೆ ಬರೀ ಒದ್ದೆ ಜಲ್ಲಿ ಇದ್ದರೆ ಫ್ರಂಟ್-ವೀಲ್ ಕಾರಿಗೂ ಒಂದು ಉಪಾಯ ಉಂಟು: ರಿವರ್ಸಿನಲ್ಲಿ ಹತ್ತಿಸುವುದು. ಆಗ ಎಳೆಯುವ ಚಕ್ರಗಳು ಇಳಿಜಾರಿನ ಕೆಳಬದಿಗೆ ಬರುತ್ತವೆ, ಭಾರ ಅವುಗಳ ಮೇಲೆಯೇ ಕೂರುತ್ತದೆ. ಮೇಲಿನ ಲೆಕ್ಕದಲ್ಲೇ ಹಿಡಿತವನ್ನು ಭಾರದ ಹತ್ತರಲ್ಲಿ ನಾಲ್ಕು ಪಾಲು ಎಂದಿಟ್ಟುಕೊಂಡರೆ, ಮುಂದಕ್ಕೆ ಹತ್ತಿದಾಗ 272 ಕಿಲೋ ಸಿಕ್ಕು ಸೋಲುವ ಕಾರು ರಿವರ್ಸಿನಲ್ಲಿ 328 ಸಿಕ್ಕು ಗೆಲ್ಲುತ್ತದೆ. ಹಿಂದೆ ಒಬ್ಬರು ನಿಂತು ದಾರಿ ತೋರಿಸಬೇಕು. ಅವರು ಪಕ್ಕಕ್ಕೆ ನಿಲ್ಲಬೇಕು, ಗಾಡಿಯ ಸಾಲಿನಲ್ಲಿ ಅಲ್ಲ.

ಘಾಟಿನಲ್ಲಿ ಫ್ರಂಟ್-ವೀಲ್ ಕಾರು ನಿಜಕ್ಕೂ ತಡವರಿಸುವ ಒಂದೇ ಜಾಗ ಏರುವ ಹೇರ್‌ಪಿನ್. ತಿರುವಿನ ಒಳಬದಿ ಇನ್ನೂ ಕಡಿದಾಗಿರುತ್ತದೆ, ಗಾಡಿ ಹೊರಕ್ಕೆ ವಾಲಿ ಒಳಬದಿಯ ಮುಂದಿನ ಚಕ್ರ ಹಗುರಾಗುತ್ತದೆ. ಸಾದಾ ಡಿಫರೆನ್ಷಿಯಲ್ (ತಿರುವಿನಲ್ಲಿ ಚಕ್ರಗಳು ಬೇರೆಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ) ಎರಡು ಚಕ್ರಗಳಿಗೂ ಸಮ ಬಲ ಕೊಡುತ್ತದೆ, ಹಾಗಾಗಿ ಹಗುರಾದ ಚಕ್ರ ತಡೆದುಕೊಳ್ಳುವಷ್ಟೇ ಬಲ ಇನ್ನೊಂದಕ್ಕೂ ಸಿಗುವುದು. ಕಿರ್ ಅಂತ ಸದ್ದು ಬಂದು ಗಾಡಿ ಉಸಿರು ಕಳೆದುಕೊಳ್ಳುತ್ತದೆ. ಟ್ರಾಕ್ಷನ್ ಕಂಟ್ರೋಲ್ ಇದ್ದರೆ ಸುತ್ತುವ ಚಕ್ರಕ್ಕೆ ತಾನೇ ಬ್ರೇಕ್ ಹಾಕಿ ಬಲವನ್ನು ಆಚೆ ಚಕ್ರಕ್ಕೆ ಕಳಿಸುತ್ತದೆ. ಕಾರು ಆರಿಸುವಾಗ ಇಎಸ್‌ಪಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ, ಟ್ರಾಕ್ಷನ್ ಕಂಟ್ರೋಲ್ ಅದರ ಜೊತೆಗೇ ಬರುತ್ತದೆ) ಇರುವ ಮಾಡೆಲನ್ನೇ ಹಿಡಿಯಿರಿ, ಸನ್‌ರೂಫ್ ಬಿಟ್ಟರೂ ಪರವಾಗಿಲ್ಲ. ಅದಿಲ್ಲದ ಹಳೇ ಕಾರಿನಲ್ಲಿ ತಿರುವಿಗೆ ಮುಂಚೆಯೇ ಒಂದನೇ ಗೇರಿಗೆ ಇಳಿಸಿ, ನಿಮ್ಮ ಪಟ್ಟಿಯೊಳಗೇ ಆದಷ್ಟು ಅಗಲವಾಗಿ ತಿರುಗಿಸಿ, ಸ್ಟೀರಿಂಗ್ ನೇರವಾದ ಮೇಲಷ್ಟೇ ಆಕ್ಸಿಲರೇಟರ್ ಜೋರಾಗಿ ಒತ್ತಬೇಕು. ಎರಡನೇ ಗೇರಿನಲ್ಲೇ ಎಳೆದುಬಿಡೋಣ ಅಂದರೆ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ 1,200 ಆರ್‌ಪಿಎಂಗೆ ಬಿದ್ದು ನಡುವೆ ಕೈಕೊಡುತ್ತದೆ. ಅವುಗಳ ಟರ್ಬೊ ಸಾಮಾನ್ಯವಾಗಿ ಎಚ್ಚರಾಗುವುದು 1,700-1,800 ದಾಟಿದ ಮೇಲೆ.

ಬೊಲೆರೊ, ಸ್ಕಾರ್ಪಿಯೊ, ಇನ್ನೋವಾ ಕ್ರಿಸ್ಟಾ ಥರದ ಹಿಂಬದಿ ಚಕ್ರದ ಗಾಡಿಗಳು ತುಂಬಿದಷ್ಟೂ ಚೆನ್ನಾಗಿ ಹತ್ತುತ್ತವೆ. ಖಾಲಿ ಗಾಡಿಯನ್ನು ಮಳೆಯಲ್ಲಿ ಇಳಿಸುವಾಗ ಮಾತ್ರ ಹುಷಾರು: ತಿರುವಿನಲ್ಲಿ ದಿಢೀರನೆ ಗೇರ್ ಇಳಿಸಿ ಕ್ಲಚ್ ಬಿಟ್ಟರೆ ಹಿಂಬದಿ ಪಕ್ಕಕ್ಕೆ ಜಾರುತ್ತದೆ.

ಫೋರ್-ಬೈ-ಫೋರ್ ಕೊಂಡವರಲ್ಲಿ ಕಾಣುವ ದೊಡ್ಡ ತಪ್ಪು ಅದನ್ನು ಘಾಟಿನ ಡಾಂಬರಿನ ಮೇಲೆ ಹಾಕುವುದು. ಥಾರ್, ಜಿಮ್ನಿ, ಗೂರ್ಖಾ ಇವುಗಳದ್ದು ಪಾರ್ಟ್-ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕಿಕೊಳ್ಳುವ ವ್ಯವಸ್ಥೆ. ನಡುವೆ ಡಿಫರೆನ್ಷಿಯಲ್ ಇಲ್ಲ, ಫೋರ್-ಬೈ-ಫೋರ್ ಲಿವರ್ ಹಾಕಿದೊಡನೆ ಮುಂದಿನ ಹಿಂದಿನ ಶಾಫ್ಟ್‌ಗಳು ಒಂದೇ ವೇಗದಲ್ಲಿ ಸುತ್ತಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತ ಹಾಕುತ್ತವೆ, ಹೆಚ್ಚು ದೂರ ಹೋಗುತ್ತವೆ. ಮಣ್ಣಿನಲ್ಲಾದರೆ ಟೈರ್ ಸ್ವಲ್ಪ ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಹೇರ್‌ಪಿನ್ನಿನಲ್ಲಿ ಜಾರಲು ಜಾಗವಿಲ್ಲ. ಸ್ಟೀರಿಂಗ್ ಬಿಗಿಯಾಗುತ್ತದೆ, ಗಾಡಿ ತಿರುಗದೆ ನೇರ ನುಗ್ಗಲು ನೋಡುತ್ತದೆ, ಟೈರ್ ಸವೆಯುತ್ತದೆ, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಬೇಡದ ಒತ್ತಡ. ಲಿವರ್ ತೆಗೆಯಲು ಬಾರದಷ್ಟು ಸಿಕ್ಕಿಕೊಂಡರೆ ನಾಲ್ಕೈದು ಮೀಟರ್ ನೇರ ರಿವರ್ಸ್ ಹೋದರೆ ಸಡಿಲವಾಗುತ್ತದೆ. ಲೋ ರೇಂಜ್ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಇನ್ನೊಂದು ಗೇರ್ ಜೋಡಿ) ಇರುವುದು ಏರಲಿಕ್ಕೆ ಎಷ್ಟೋ, ಕಲ್ಲುಮಣ್ಣಿನ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯಲಿಕ್ಕೆ ಅದಕ್ಕಿಂತ ಹೆಚ್ಚು. ಮಾಮೂಲಿ ರಸ್ತೆಗಳಿಗೆ ಒಪ್ಪುವುದು ತಾನಾಗಿಯೇ ಹಿಂದಿನ ಚಕ್ರಕ್ಕೆ ಬಲ ಹಂಚುವ ಆಲ್-ವೀಲ್ ಡ್ರೈವ್, ಗ್ರಾಂಡ್ ವಿಟಾರಾ ಮೊದಲಾದವುಗಳ ಕೆಲವು ಮಾಡೆಲ್‌ಗಳಲ್ಲಿ ಸಿಗುವಂಥದ್ದು. ಅದಕ್ಕೂ ಒಂದು ಷರತ್ತು: ನಾಲ್ಕೂ ಟೈರ್ ಒಂದೇ ಅಳತೆ, ಸವೆತವೂ ಹತ್ತಿರಹತ್ತಿರ ಇರಬೇಕು. ಎರಡು ಹೊಸದು, ಎರಡು ಬೋಳು ಹಾಕಿಕೊಂಡು ಓಡಿಸಿದರೆ ಹಿಂದಕ್ಕೆ ಬಲ ದಾಟಿಸುವ ಒಳಗಿನ ಕಪ್ಲಿಂಗ್ ಸದಾ ಉಜ್ಜುತ್ತ ಬಿಸಿಯಾಗುತ್ತದೆ.

ಇಷ್ಟೆಲ್ಲ ಹತ್ತುವ ಮಾತಾಯಿತು. ಜನ ಪೆಟ್ಟು ತಿನ್ನುವುದು ಘಾಟಿನ ಡಾಂಬರಿನಲ್ಲಿ ಇಳಿಯುವಾಗ, ಅಲ್ಲಿ ನಾಲ್ಕು ಚಕ್ರದ ಡ್ರೈವ್ ಯಾವ ಲೆಕ್ಕಕ್ಕೂ ಇಲ್ಲ. ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಪುಣೆ-ಮುಂಬೈ ದಾರಿಯ ಲೋಣಾವಳ ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಮೇಲೆ, ಖೋಪೋಲಿ ಅದಕ್ಕಿಂತ 550 ಮೀಟರಿನಷ್ಟು ಕೆಳಗೆ. 1,400 ಕಿಲೋ ತೂಕದ ಕಾರು ಅಷ್ಟು ಇಳಿದಾಗ ಬಿಡುವ ಶಕ್ತಿ, ಅದೇ ಕಾರನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ 14 ಸಲ ಪೂರ್ತಿ ನಿಲ್ಲಿಸಿದಷ್ಟು. ಗಾಳಿ, ಟೈರ್ ಒಂದಿಷ್ಟು ತಿನ್ನುತ್ತವೆ. ಉಳಿದದ್ದು ಎಂಜಿನ್ ಬ್ರೇಕಿಂಗಿಗೆ (ಗೇರಿನಲ್ಲಿಟ್ಟು ಎಂಜಿನ್ನಿನ ತಡೆಯಿಂದಲೇ ವೇಗ ಇಳಿಸುವುದಕ್ಕೆ) ಹೋಗಬೇಕು, ಇಲ್ಲವೇ ಬ್ರೇಕ್ ಪ್ಯಾಡಿಗೆ. ಪ್ಯಾಡ್ ಕಾದರೆ ಹಿಡಿತ ಇಳಿಯುತ್ತದೆ, ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ 230 ಡಿಗ್ರಿಗಿಂತ ಕಡಿಮೆಯಲ್ಲಿ ಕುದಿಯಬಾರದು ಎಂಬುದು ಮಾನದಂಡ. ನೀರು ಹೀರಿಕೊಂಡ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ನಮ್ಮ ಈ ಭಾಗದ ಮಳೆ, ತೇವಕ್ಕೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು, ಕಾರು ಎಷ್ಟೇ ಕಡಿಮೆ ಓಡಿರಲಿ.

ಬೆಳಗಾವಿ ಕಡೆಯಿಂದ ಬಂದು ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಯತ್ತ ಇಳಿಯುವ ಇಳಿಜಾರು ಎಲ್ಲರಿಗೂ ಗೊತ್ತು. ಅಲ್ಲಿನ ಅಪಘಾತಗಳಿಗೆ ಮತ್ತೆ ಮತ್ತೆ ಕೇಳಿಬರುವ ಕಾರಣ ನ್ಯೂಟ್ರಲ್‌ನಲ್ಲಿ ಇಳಿಸಿದ ಲಾರಿ, ಕಾದು ಸೋತ ಬ್ರೇಕ್. ಕಾರಿನವರೂ ಪೆಟ್ರೋಲ್ ಉಳಿಯುತ್ತದೆಂದು ಇದನ್ನೇ ಮಾಡುತ್ತಾರೆ. ಉಳಿಯುವುದಿಲ್ಲ. ಇಂಜೆಕ್ಷನ್ ಎಂಜಿನ್ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನವನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಕುಡಿಯುತ್ತಲೇ ಇರುತ್ತದೆ. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಒತ್ತಿ ಹಿಡಿದೇ ಇರಬೇಡಿ: ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು ತಣಿಯಲು ಬಿಡಿ, ಮತ್ತೆ ಒತ್ತಿ.

ಹಾಗಾಗಿ ಡ್ರೈವ್‌ಗಿಂತ ಗೇರ್‌ಬಾಕ್ಸ್ ಆಯ್ಕೆಯೇ ಮುಖ್ಯ. ಶನಿವಾರ ಬೆಳಿಗ್ಗೆ ಖಂಡಾಳಾದಲ್ಲಿ ಇಂಚಿಂಚು ಸರಿಯುವ ಟ್ರಾಫಿಕ್ ನಿಮ್ಮ ಹಣೆಯಲ್ಲಿ ಬರೆದಿದ್ದರೆ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್‌ಗೆ ಸಾಟಿ ಇಲ್ಲ. ಅಲ್ಲಿ ಜಾರುವುದು ಆಯಿಲ್, ಕ್ಲಚ್ ಪ್ಲೇಟ್ ಅಲ್ಲ. ಒಣ ಕ್ಲಚ್ಚಿನ ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಇಂಥ ಏರಿನಲ್ಲಿ ಬಿಸಿಯಾಗುತ್ತದೆ, ಎಚ್ಚರಿಕೆ ದೀಪ ಬಂದರೆ ಪಕ್ಕಕ್ಕೆ ಹಾಕಿ ತಣಿಸಬೇಕಷ್ಟೆ. ಎಎಂಟಿ (ಗೇರ್ ತಾನೇ ಬದಲಿಸುವ ಮ್ಯಾನ್ಯುವಲ್ ಗೇರ್‌ಬಾಕ್ಸ್) ಅಗ್ಗ, ಒಳಗಿರುವುದು ಮ್ಯಾನ್ಯುವಲ್ ಕ್ಲಚ್ಚೇ, ಆಕ್ಸಿಲರೇಟರಿನಿಂದಲೇ ಏರಿನಲ್ಲಿ ಗಾಡಿ ಹಿಡಿದು ನಿಲ್ಲಿಸಿದರೆ ಅದೂ ಸುಡುತ್ತದೆ. ಹೇರ್‌ಪಿನ್ ನಡುವೆ ಗೇರ್ ಬದಲಿಸಲು ಯೋಚಿಸುತ್ತ ಕೂರುವುದು ಅದರ ಸ್ವಭಾವ, ಮ್ಯಾನ್ಯುವಲ್ ಮೋಡಿಗೆ ಹಾಕಿ ನೀವೇ ಗೇರ್ ಇಳಿಸಿಕೊಳ್ಳಿ. ಸಿವಿಟಿ (ಮೆಟ್ಟಿಲುಗಳಿಲ್ಲದೆ ಗೇರ್ ಬದಲಾಗುವ ಆಟೊಮ್ಯಾಟಿಕ್) ಇಳಿಜಾರಿನಲ್ಲಿ ಲಿವರನ್ನು ಎಲ್ ಅಥವಾ ಬಿ ಸ್ಥಾನಕ್ಕೆ ಹಾಕದಿದ್ದರೆ ಎಂಜಿನ್ ಬ್ರೇಕಿಂಗ್ ಹೆಸರಿಗೆ ಮಾತ್ರ. ಮ್ಯಾನ್ಯುವಲ್‌ನವರು ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ ಮೇಲೆ ತೇಲಬೇಡಿ: ಹ್ಯಾಂಡ್‌ಬ್ರೇಕ್ ಹಾಕಿ ಕಾಯಿರಿ, ಮುಂದೆ ಎರಡು ಮೂರು ಕಾರಿನಷ್ಟು ಜಾಗ ಆದಮೇಲೆ ಒಂದನೇ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ. ಹಿಂದಿನವನ ಹಾರ್ನ್ ಅವನ ಪಾಡಿಗೆ ಇರಲಿ. ಹಿಲ್ ಹೋಲ್ಡ್ (ಬ್ರೇಕ್ ಬಿಟ್ಟ ಮೇಲೂ ಏರಿನಲ್ಲಿ ಗಾಡಿ ಹಿಡಿಯುವ ವ್ಯವಸ್ಥೆ) ನಂಬುವವರು ನೆನಪಿಡಿ, ಅದು ಹಿಡಿಯುವುದು ಎರಡು ಸೆಕೆಂಡಿನ ಆಸುಪಾಸು.

ಸಿಎನ್‌ಜಿ ಕಾರಿಟ್ಟವರು ಪುಣೆ, ಮುಂಬೈಯಲ್ಲಿ ಬಹಳ. ಗ್ಯಾಸಿನಲ್ಲಿ ಎಂಜಿನ್ ಬಲ ಸುಮಾರು ಶೇಕಡಾ 10ರಿಂದ 15ರಷ್ಟು ಕಡಿಮೆ, ಸಿಲಿಂಡರ್ ಭಾರ ಹಿಂದೆ. ಅಂದರೆ ಮುಂದಿನ ಚಕ್ರ ಹಗುರಾಗುವ ತೊಂದರೆ ಇಲ್ಲಿ ಇನ್ನೂ ಹೆಚ್ಚು. ಏರು ಶುರುವಾಗುವ ಮುಂಚೆ ಪೆಟ್ರೋಲಿಗೆ ಹಾಕಿಕೊಳ್ಳಿ, ನಡು ತಿರುವಿನಲ್ಲಿ ಅಲ್ಲ.

ಎಲೆಕ್ಟ್ರಿಕ್ ಕಾರು ಘಾಟಿಗೆ ಹೇಳಿ ಮಾಡಿಸಿದ ಹಾಗಿದೆ, ಕ್ಲಚ್ ಇಲ್ಲ, ನಿಂತಲ್ಲಿಂದಲೇ ಪೂರ್ತಿ ಎಳೆತ, ಇಳಿಯುವಾಗ ಬ್ಯಾಟರಿಗೆ ವಾಪಸ್ ಕರೆಂಟು. ಆದರೆ ಪಂಚಗಣಿಯ ಹೋಟೆಲಿನಲ್ಲಿ ರಾತ್ರಿಯಿಡೀ ಶೇಕಡಾ 100ಕ್ಕೆ ಚಾರ್ಜ್ ಮಾಡಿ ಬೆಳಿಗ್ಗೆ ಪಸರಣಿ ಘಾಟ್ ಇಳಿದರೆ ಆ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವಿಲ್ಲ. ರೀಜನ್ (ಹೀಗೆ ಕರೆಂಟು ಮಾಡುತ್ತ ವೇಗ ಇಳಿಸುವುದು) ಕೈಬಿಡುತ್ತದೆ, ಕೆಲಸವೆಲ್ಲ ಬ್ರೇಕ್ ಪ್ಯಾಡಿಗೆ. 85-90ಕ್ಕೆ ನಿಲ್ಲಿಸಿ. ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲೂ (ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು) ಇದೇ ಕಥೆ, ಇನ್ನೂ ಬೇಗ. ಲೋಣಾವಳದಿಂದ ಖೋಪೋಲಿಗೆ ಇಳಿಯುವ ಶಕ್ತಿ ಎರಡು ಯೂನಿಟ್‌ನಷ್ಟು, ಚಿಕ್ಕ ಹೈಬ್ರಿಡ್‌ಗಳ ಬ್ಯಾಟರಿ ಹಿಡಿಯುವುದು ಒಂದು ಯೂನಿಟ್‌ಗೂ ಕಡಿಮೆ. ಅರ್ಧ ಘಾಟಿನಲ್ಲೇ ತುಂಬಿಬಿಡುತ್ತದೆ. ಆಗ ಬಿ ಸ್ಥಾನಕ್ಕೆ ಹಾಕಿ, ಎಂಜಿನ್ ಗಟ್ಟಿಯಾಗಿ ಕೂಗುತ್ತದೆ. ಗಾಬರಿ ಬೇಡ, ಅದು ಬ್ರೇಕಿನ ಕೆಲಸ ಮಾಡುತ್ತಿದೆ.

ಟೈರಿನ ಕಾನೂನು ಮಿತಿ 1.6 ಮಿಲಿಮೀಟರ್ ಗೆರೆ. ಸಹ್ಯಾದ್ರಿಯ ಮಳೆಗೆ 3 ಮಿಲಿಮೀಟರ್‌ಗೇ ಬದಲಿಸಿ, ಅದೂ ಮೇ ತಿಂಗಳೊಳಗೆ. ತುಂಬಿದ ಗಾಡಿಗೆ ಎಷ್ಟು ಗಾಳಿ ಎಂದು ಡ್ರೈವರ್ ಬಾಗಿಲ ಸ್ಟಿಕ್ಕರಿನಲ್ಲೇ ಬರೆದಿರುತ್ತದೆ, ಪಂಪಿನವನು ಹಾಕಿದ್ದನ್ನು ನೆಚ್ಚಬೇಡಿ.

ಟೆಸ್ಟ್ ಡ್ರೈವ್ ಅನ್ನು ಬಾಣೇರ್, ಬಾವಧನದ ಸಪಾಟು ರಸ್ತೆಯಲ್ಲಿ ಮುಗಿಸಲು ಬಿಡಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿ, ಎಸಿ ಹಾಕಿ, ಕೊಂಢ್ವಾ ಕಡೆಯಿಂದ ಬೋಪದೇವ ಘಾಟ್ ಹತ್ತಿಸಿ. ಹಿಂದೆ ಗಾಡಿ ಬರುತ್ತಿಲ್ಲ, ಬದಿಗೆ ಜಾಗ ಇದೆ ಅನ್ನುವಲ್ಲಿ ಏರಿನ ಮೇಲೆ ಪೂರ್ತಿ ನಿಲ್ಲಿಸಿ ಮತ್ತೆ ಎಳೆಯಿರಿ, ಹೀಗೆ ಮೂರು ಸಲ. ಎಷ್ಟು ಹಿಂದೆ ಜಾರಿತು, ಕ್ಲಚ್ ಸುಟ್ಟ ವಾಸನೆ ಬಂತೇ, ಗೇರ್‌ಬಾಕ್ಸ್ ಎಷ್ಟು ಹೊತ್ತು ಯೋಚಿಸಿತು ನೋಡಿ. ಇಳಿಯುವಾಗ ಎರಡನೇ ಗೇರಿಗೆ ಹಾಕಿ ಕಾಲನ್ನು ಎರಡೂ ಪೆಡಲ್‌ನಿಂದ ತೆಗೆಯಿರಿ. ವೇಗ ತಾನಾಗಿ 30ರ ಸುತ್ತಮುತ್ತ ನಿಂತರೆ ಗಾಡಿ ಘಾಟಿಗೆ ಆಗುತ್ತದೆ. ಏರುತ್ತಲೇ ಹೋಗಿ ಪದೇಪದೇ ಬ್ರೇಕ್ ಹುಡುಕಬೇಕಾದರೆ, ಅದರ ಹಿಂದೆ ಫೋರ್-ಬೈ-ಫೋರ್ ಅಂತ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದರೂ ಬೇರೆ ಗಾಡಿ ನೋಡಿ.