ದಿನಕ್ಕೊಂದು ಕಡೆ ನೋವು

ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಆರನೆಯ ತರಗತಿಯನ್ನು ನೋಡಿಕೊಳ್ಳುತ್ತಿದ್ದ ವರ್ಷದ ಮಾತಿದು. ಆಗಸ್ಟ್ ತಿಂಗಳಲ್ಲಿ ಕ್ರೀಡಾಕೂಟಕ್ಕಾಗಿ ಖೋ ಖೋ ತಂಡ ಸಿದ್ಧವಾಗುತ್ತಿತ್ತು. ತಂಡದಲ್ಲಿದ್ದ 11 ವರ್ಷದ ಹುಡುಗನೊಬ್ಬ ಒಂದು ಸೋಮವಾರ ಬಲ ಮೊಣಕಾಲು ನೋಯುತ್ತದೆ ಎಂದು ಮೈದಾನಕ್ಕೆ ಇಳಿಯಲಿಲ್ಲ. ಬುಧವಾರ ವಿಚಾರಿಸಿದಾಗ ಮೊಣಕಾಲು ಹಗುರವಾಗಿದೆ, ಈಗ ಎಡಗಾಲಿನ ಹರಡು ನೋಯುತ್ತಿದೆ ಎಂದ. ಶುಕ್ರವಾರದ ಹೊತ್ತಿಗೆ ನೋವು ಮುಂಗೈ ಗಂಟಿಗೆ ಬಂದಿತ್ತು.

“ನೋವಿಗೆ ಒಂದು ಜಾಗ ಅಂತ ಇರತೈತಿ. ನಿನ್ನ ನೋವು ದಿನಕ್ಕೊಂದು ಊರು ತಿರುಗತೈತೇನು?” ಎಂದು ನಾನು ಎಲ್ಲರೆದುರು ಕೇಳಿದೆ. ತರಗತಿ ನಕ್ಕಿತು. ಅವನು ತಲೆ ತಗ್ಗಿಸಿಕೊಂಡು, “ಖರೇನ ನೋಯಾಕತ್ತೈತ್ರೀ ಟೀಚರ್” ಎಂದಷ್ಟೇ ಹೇಳಿದ.

ನನ್ನ ಅನುಮಾನಕ್ಕೆ ಮನೆಯ ಅನುಭವವೂ ಕಾರಣವಾಗಿತ್ತು. ನನ್ನ ಮಗಳು ಆರೇಳು ವರ್ಷದವಳಿದ್ದಾಗ ಎಷ್ಟೋ ರಾತ್ರಿ ಎರಡೂ ಮೀನಖಂಡಗಳನ್ನು ಹಿಡಿದುಕೊಂಡು ಅಳುತ್ತಿದ್ದಳು. ಎಣ್ಣೆ ಹಚ್ಚಿ ನೀವಿದರೆ ನಿದ್ದೆ ಹೋಗಿ, ಬೆಳಿಗ್ಗೆ ಎಂದಿನಂತೆ ಓಡಾಡುತ್ತಿದ್ದಳು. ಬೆಳೆಯುವ ವಯಸ್ಸಿನ ನೋವು, ತಾನಾಗಿ ಹೋಗುತ್ತದೆ ಎಂದು ವೈದ್ಯರು ಹೇಳಿದ್ದರು, ಹಾಗೆಯೇ ಹೋಯಿತು. ಮಕ್ಕಳ ಕೈಕಾಲು ನೋವೆಂದರೆ ಇಷ್ಟೇ ಎಂದು ನಾನು ನಂಬಿಬಿಟ್ಟಿದ್ದೆ. ಮಗಳ ನೋವು ಸ್ನಾಯುವಿನಲ್ಲಿತ್ತು, ರಾತ್ರಿ ಮಾತ್ರ ಬರುತ್ತಿತ್ತು, ಅದರ ಜೊತೆ ಜ್ವರವಾಗಲಿ ಬಾವಾಗಲಿ ಇರಲಿಲ್ಲ. ಈ ಹುಡುಗನದು ಕೀಲಿನ ನೋವು, ಬೆಳಗಿನಲ್ಲೂ ಇರುತ್ತಿತ್ತು. ಆ ವ್ಯತ್ಯಾಸ ನನ್ನ ಗಮನಕ್ಕೆ ಬರಲಿಲ್ಲ. ಅವನ ತಾಯಿ ಅಂಗಡಿಯಿಂದ ನೋವಿನ ಗುಳಿಗೆ ತಂದು ಕೊಟ್ಟಾಗ ಒಂದೇ ದಿನದಲ್ಲಿ ನೋವು ಇಳಿಯಿತು. ನೋವು ನಿಜವಾಗಿದ್ದರೆ ಇಷ್ಟು ಬೇಗ ಹೋಗುತ್ತಿತ್ತೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದಾಗ ನಾನೂ ತಲೆಯಾಡಿಸಿದೆ.

ಮರುವಾರ ಬಿಸಿಯೂಟದ ವೇಳೆಯಲ್ಲಿ ಅವನು ಸಾಲಿನಲ್ಲಿ ಕಾಣಲಿಲ್ಲ. ವರಾಂಡದ ಮೂಲೆಯಲ್ಲಿ ಕಾಲು ಚಾಚಿ ಕುಳಿತು, ಗೆಳೆಯ ತಂದುಕೊಟ್ಟ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡಿದ್ದ. ಎಬ್ಬಿಸಲೆಂದು ಬಗ್ಗಿದವಳ ಕೈ ಅವನ ಮೊಣಕಾಲಿಗೆ ತಾಗಿತು. ಅವನು ಚೀರಿದ. ಚಡ್ಡಿಯ ಬಟ್ಟೆಯ ಮೇಲಿಂದಲೇ ನನ್ನ ಅಂಗೈಗೆ ಆ ಕೀಲಿನ ಕಾವು ತಿಳಿಯಿತು. ಇನ್ನೊಂದು ಮೊಣಕಾಲನ್ನು ಮುಟ್ಟಿದೆ, ಅದು ತಣ್ಣಗಿತ್ತು. ಸುಳ್ಳು ಹೇಳುವ ಹುಡುಗನಿಗೆ ಕೀಲನ್ನು ಹೀಗೆ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ ಎಂಬುದು ಆ ಕ್ಷಣಕ್ಕೆ ಹೊಳೆಯಿತು.

ಅಂದೇ ಅವನ ತಾಯಿಯೊಂದಿಗೆ ತಾಲ್ಲೂಕು ಆಸ್ಪತ್ರೆಗೆ ಹೋದೆವು. ವೈದ್ಯೆ ಮೊಣಕಾಲನ್ನು ನೋಡಿ, ನಾವು ನಿರೀಕ್ಷಿಸದ ಪ್ರಶ್ನೆ ಕೇಳಿದರು: “ಎರಡು ಮೂರು ವಾರದ ಹಿಂದೆ ಗಂಟಲು ನೋವು ಬಂದಿತ್ತೇನಮ್ಮಾ?” ಬಂದಿತ್ತು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ ಕಡಿಮೆಯಾಗಿತ್ತು ಎಂದರು ತಾಯಿ. ನೋವು ಹೇಗೆ ಒಂದು ಕೀಲನ್ನು ಬಿಟ್ಟು ಇನ್ನೊಂದಕ್ಕೆ ಹೋಯಿತೆಂದು ನಾನು ಅಂಜುತ್ತಲೇ ವಿವರಿಸಿದಾಗ, ರೋಗವನ್ನು ಗುರುತಿಸಲು ತಮಗೆ ಬೇಕಾದ ಮಾತೇ ಅದು ಎಂದು ಆಕೆ ಹೇಳಿದರು. ಆಮೇಲೆ ಸ್ಟೆತಸ್ಕೋಪನ್ನು ಹುಡುಗನ ಎದೆಯ ಮೇಲಿಟ್ಟು ಬಹಳ ಹೊತ್ತು ಆಲಿಸಿದರು. ಕಾಲು ನೋವೆಂದು ಬಂದವರ ಎದೆಯನ್ನೇಕೆ ಇಷ್ಟು ನೋಡುತ್ತಾರೆಂದು ನನಗೆ ಅರ್ಥವಾಗಲಿಲ್ಲ.

ರಕ್ತಪರೀಕ್ಷೆ ಮತ್ತು ಜಿಲ್ಲಾ ಕೇಂದ್ರದಲ್ಲಿ ಮಾಡಿಸಿದ ಎಕೋ ಎಂಬ ಹೃದಯದ ಸ್ಕ್ಯಾನ್ ಅದನ್ನು ಅರ್ಥ ಮಾಡಿಸಿದವು. ಅದು ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಲ್ಲೇ ಹೆಚ್ಚಾಗಿ ಬರುವ ಕಾಯಿಲೆ. ಗಂಟಲಿಗೆ ಬರುವ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನ ವಿರುದ್ಧ ಎದ್ದ ದೇಹದ ರಕ್ಷಣೆಯೇ ದಿಕ್ಕು ತಪ್ಪಿ ತನ್ನದೇ ಕೀಲುಗಳ ಮೇಲೂ ಹೃದಯದ ಮೇಲೂ ಬೀಳುತ್ತದೆ. ಕೀಲುಗಳು ಗುರುತೂ ಉಳಿಯದಂತೆ ವಾಸಿಯಾಗುತ್ತವೆ. ಹೃದಯದ ಕವಾಟಗಳಿಗೆ ಆದ ಹಾನಿ ಉಳಿಯಬಹುದು. ನೋವಿನ ಗುಳಿಗೆಗೆ ಕೀಲುನೋವು ಬೇಗನೆ ಇಳಿಯುವುದೂ ಈ ರೋಗದ ಸ್ವಭಾವವೇ ಆಗಿತ್ತು. ಅವನನ್ನು ನಂಬದಿರಲು ನಾನು ಹಿಡಿದುಕೊಂಡಿದ್ದ ಎರಡು ಕಾರಣಗಳೂ ಅವನು ನಿಜ ಹೇಳುತ್ತಿದ್ದನೆಂಬುದಕ್ಕೆ ಸಾಕ್ಷಿಗಳಾಗಿದ್ದವು.

ಅವನ ಮೈಟ್ರಲ್ ಕವಾಟದಲ್ಲಿ ಸಣ್ಣ ಸೋರಿಕೆಯಿತ್ತು. ಗಂಟಲಿನ ಸೋಂಕು ಮತ್ತೆ ಬಂದರೆ ಹಾನಿ ಹೆಚ್ಚುತ್ತದೆ, ಆದ್ದರಿಂದ 21 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ಕನಿಷ್ಠ 10 ವರ್ಷ ತಪ್ಪಿಸಬಾರದು ಎಂದರು. ಒಂದೇ ಕೋಣೆಯಲ್ಲಿ ಏಳು ಜನ ಮಲಗುವ ಮನೆಯಲ್ಲಿ ಸೋಂಕು ಬಾರದಂತೆ ತಡೆಯಲು ಬೇರೆ ದಾರಿಯೂ ಇರಲಿಲ್ಲ. ಆ ತಾಯಿ ಕೂಲಿ ಬಿಟ್ಟು ಬರಬೇಕಾದ ದಿನಗಳನ್ನು ಎಣಿಸತೊಡಗಿದ್ದು ಅವರ ಬೆರಳುಗಳಲ್ಲಿ ಕಾಣುತ್ತಿತ್ತು.

ಮರುದಿನ, ಅಂದು ನಾನು ನಗಿಸಿದ್ದ ತರಗತಿಯ ಮುಂದೆಯೇ ನಿಂತು, ನಾನು ತಪ್ಪು ಮಾಡಿದೆ, ಅವನ ನೋವು ನಿಜವಾಗಿತ್ತು ಎಂದು ಹೇಳಿದೆ. ಹಾಜರಿ ಪುಸ್ತಕದ ಪಕ್ಕದ ಕ್ಯಾಲೆಂಡರಿನಲ್ಲಿ 21 ದಿನಕ್ಕೊಂದರಂತೆ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ತಾಯಿಗೆ ಕೂಲಿಯಿದ್ದ ದಿನ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಸೂಜಿ ಚುಚ್ಚಿದ ದಿನ ಅವನು ಬೆಂಚಿನ ಮೇಲೆ ಒಂದೇ ಪಕ್ಕಕ್ಕೆ ವಾಲಿ ಕೂರುತ್ತಿದ್ದ. ಎಂಟನೆಯ ತರಗತಿಗೆ ಪ್ರೌಢಶಾಲೆಗೆ ಸೇರಿದಾಗ ಅವನ ಚುಚ್ಚುಮದ್ದಿನ ಕಾರ್ಡನ್ನು ಅಲ್ಲಿನ ತರಗತಿ ಶಿಕ್ಷಕರ ಕೈಗಿಟ್ಟು, ಮುಂದಿನ ಸೂಜಿ ಬರುವ ಗುರುವಾರ ಎಂದು ಹೇಳಿ ಬಂದೆ.