ಗಿಡ ಸೊಂಪಾಗಿದೆ, ಹೂವೇಕೆ ಬಿಡುತ್ತಿಲ್ಲ?

ಅಲಂಕಾರದ ಗಿಡಮರಗಳನ್ನು ಬೆಳೆಸುವವನೆಂದು ತಿಳಿದವರೆಲ್ಲ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಗಿಡ ಸೊಂಪಾಗಿ ಬೆಳೆದಿದೆ, ಹೂ ಮಾತ್ರ ಬಿಡುತ್ತಿಲ್ಲ, ಯಾವ ಗೊಬ್ಬರ ಹಾಕಲಿ?" ಗೊಬ್ಬರದ ಹೆಸರು ಸಿಕ್ಕೀತೆಂದು ಬಂದವರಿಗೆ ನನ್ನ ಮರುಪ್ರಶ್ನೆ ತುಸು ನಿರಾಸೆ ತರುತ್ತದೆ: ಗಿಡವನ್ನು ಕಡೆಯ ಸಲ ಕತ್ತರಿಯಿಂದ ಸವರಿದ್ದು ಯಾವಾಗ?

ಗಿಡ ಯಾವ ಕಡ್ಡಿಯ ಮೇಲೆ ಹೂ ಬಿಡುತ್ತದೆ ಎಂಬುದರಲ್ಲಿಯೇ ಉತ್ತರದ ಬಹುಭಾಗವಿದೆ. ದಾಸವಾಳ ಮತ್ತು ಇಂದಿನ ಹೆಚ್ಚಿನ ಗುಲಾಬಿ ತಳಿಗಳು ಹೊಸದಾಗಿ ಒಡೆದ ಚಿಗುರಿನಲ್ಲಿ ಮೊಗ್ಗು ಕಟ್ಟುತ್ತವೆ. ಅವುಗಳನ್ನು ಚಿಗುರುವ ಕಾಲಕ್ಕೆ ಮುಂಚೆ ಧೈರ್ಯವಾಗಿ ಸವರಬಹುದು. ಅಜೇಲಿಯಾ, ಕ್ಯಾಮೆಲಿಯಾ, ದೊಡ್ಡ ಎಲೆಯ ಹೈಡ್ರೇಂಜಿಯದಂತಹ ಹೂಪೊದೆಗಳ ರೀತಿಯೇ ಬೇರೆ. ಮುಂದಿನ ಸಲ ಅರಳಬೇಕಾದ ಹೂವಿನ ಮೊಗ್ಗನ್ನು ಅವು ಹಲವು ತಿಂಗಳು ಮೊದಲೇ ಹಳೆಯ ಕಡ್ಡಿಯಲ್ಲಿ ಸಿದ್ಧಪಡಿಸಿಕೊಂಡು, ಚಳಿಗಾಲವನ್ನು ಅದರೊಂದಿಗೇ ಕಳೆಯುತ್ತವೆ. ನಾನು ಸತತ 3 ವರ್ಷ ನನ್ನ ಹೈಡ್ರೇಂಜಿಯವನ್ನು ಚಳಿಗಾಲದ ಕೊನೆಯಲ್ಲಿ ಒಪ್ಪವಾಗಿ ಕತ್ತರಿಸಿ, ಆಮೇಲೆ ಹೂವಿಲ್ಲದ್ದಕ್ಕೆ ಮಣ್ಣನ್ನು ದೂರುತ್ತಿದ್ದೆ. ಆ ವರ್ಷಗಳ ಹೂವನ್ನೆಲ್ಲ ನನ್ನ ಕೈಯಾರೆ ಕತ್ತರಿಸಿ ತಿಪ್ಪೆಗೆ ಹಾಕಿದ್ದೆನೆಂದು ತಿಳಿದದ್ದು ಬಹಳ ತಡವಾಗಿ.

ಇಂತಹ ಗಿಡಗಳನ್ನು ಹೂ ಬಾಡಿದ ಕೂಡಲೇ ಸವರಬೇಕು, ಆಗ ಹೊಸ ಕಡ್ಡಿ ಬಲಿತು ಮೊಗ್ಗು ಕಟ್ಟಲು ಸಮಯವಿರುತ್ತದೆ. ಬುಡದಿಂದ ಹಲವು ಕಾಂಡಗಳೊಡೆಯುವ ಪೊದೆಯಾದರೆ ಮೇಲಿಂದ ತಲೆಗೂದಲು ಕತ್ತರಿಸಿದಂತೆ ಸಮಮಾಡುವುದಕ್ಕಿಂತ, ತೀರ ಹಳೆಯ ಒಂದೆರಡು ಕಾಂಡಗಳನ್ನು ಬುಡದಲ್ಲೇ ತೆಗೆಯುವುದು ಮೇಲು. ಪದೇ ಪದೇ ಮೇಲೆ ಸಮಮಾಡಿದ ಪೊದೆಯ ಹೊರಗೆ ಎಲೆಗಳ ದಟ್ಟ ಹೊದಿಕೆ ಬೆಳೆಯುತ್ತದೆ, ಒಳಗೆ ಬೆಳಕಿಲ್ಲದೆ ಕಡ್ಡಿಗಳು ಬರಡಾಗುತ್ತವೆ.

ಗೊಬ್ಬರದ ಪ್ರಶ್ನೆಯನ್ನು ನಾನು ಪೂರ್ತಿ ತಳ್ಳಿಹಾಕುತ್ತಿಲ್ಲ, ಆದರೆ ಕೊರತೆಗಿಂತ ಅತಿಯೇ ಇಲ್ಲಿ ಹೆಚ್ಚು ತೊಂದರೆ ಮಾಡುತ್ತದೆ. ಸಾರಜನಕ ಹೆಚ್ಚಾದರೆ ಗಿಡ ಎಲೆ-ಕಾಂಡಗಳನ್ನು ಬೆಳೆಸುವುದರಲ್ಲೇ ಮಗ್ನವಾಗುತ್ತದೆ. ಬೋಗನ್‌ವಿಲ್ಲಾ ಇದಕ್ಕೆ ನನ್ನ ಮೆಚ್ಚಿನ ಉದಾಹರಣೆ. ಅದರ ಎಲೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಹುಟ್ಟುವ ಒಂದೇ ಅಂಗ ಮುಳ್ಳೂ ಆಗಬಲ್ಲದು, ಹೂಗೊಂಚಲೂ ಆಗಬಲ್ಲದು. ನೆರಳಿನಲ್ಲಿಟ್ಟು, ದಿನವೂ ನೀರುಣಿಸಿ, ಗೊಬ್ಬರ ಸುರಿದವರಿಗೆ ಉದ್ದನೆಯ ಬಳ್ಳಿಯೂ ಮುಳ್ಳೂ ಸಿಗುತ್ತವೆ. ಬೇರೂರಿದ ಗಿಡವನ್ನು ಬಿಸಿಲಿನಲ್ಲಿಟ್ಟು, ಎಲೆ ತುಸು ಬಾಗುವವರೆಗೆ ನೀರು ತಡೆದವರಿಗೆ ಬಣ್ಣ ಸಿಗುತ್ತದೆ. (ಆ ಬಣ್ಣದ್ದು ಹೂವಿನ ಎಸಳಲ್ಲ, ಮಾರ್ಪಟ್ಟ ಎಲೆ, ನಿಜವಾದ ಹೂ ಅದರ ನಡುವಿನ ಸಣ್ಣ ಬಿಳಿಯ ಕೊಳವೆ.) ಅತಿಯಾದ ಆರೈಕೆಯೇ ಹೂವಿಗೆ ಅಡ್ಡಿಯಾಗುತ್ತದೆಂಬ ಮಾತನ್ನು ಗಿಡ ಪ್ರೀತಿಸುವವರು ಸುಲಭವಾಗಿ ಒಪ್ಪುವುದಿಲ್ಲ, ನನಗೂ ಒಪ್ಪಲು ಕಷ್ಟವಾಗಿತ್ತು.

ಮರಗಳ ವಿಷಯದಲ್ಲಿ ಮಾತ್ರ ನಾನು ಇನ್ನೊಂದನ್ನು ಕೇಳುತ್ತೇನೆ: ಸಸಿ ಬೀಜದ್ದೋ, ಕಸಿಯದ್ದೋ? ಬೀಜದಿಂದ ಎದ್ದ ಸಂಪಿಗೆ ಹೂ ಬಿಡಲು 8–10 ವರ್ಷ ತೆಗೆದುಕೊಳ್ಳುವುದು ಸಾಮಾನ್ಯ, ಕಸಿ ಗಿಡ 2–3 ವರ್ಷಗಳಲ್ಲೇ ಅರಳಬಹುದು. ನೆಟ್ಟು ನಾಲ್ಕನೆಯ ವರ್ಷವೆನ್ನುವ ಬೀಜದ ಸಂಪಿಗೆಯವರಿಗೆ ಕತ್ತರಿಯನ್ನೂ ಗೊಬ್ಬರದ ಚೀಲವನ್ನೂ ಒಳಗಿಡಿರೆಂದಷ್ಟೇ ಹೇಳಿ ಕಳುಹಿಸುತ್ತೇನೆ.