ನೀವು ಓದಬೇಡಿ

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಸುತ್ತುತ್ತಿದೆ. "ವೇಂಡ ಚೇಚ್ಚಿ, ನಿಙ್ಙಳ್ ವಾಯಿಕ್ಕಂಡ." ಬೇಡ ಅಕ್ಕ, ನೀವು ಓದಬೇಡಿ ಅಂತ. ಹೇಳಿದವನು ಕೋರ್ಟಿನ ನಕಲು ವಿಭಾಗದ ಹುಡುಗ, ನನ್ನ ಮಗನ ಪ್ರಾಯದವನು. ಹೇಳಿದ್ದಲ್ಲದೆ ಕಾಗದದ ಮೇಲೆ ಅಂಗೈ ಇಟ್ಟು ಮುಚ್ಚಿದ.

ವಿಷಯ ನಮ್ಮ ಸುರಂಗದ್ದು. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ ನಮ್ಮ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗವೇ ಎಷ್ಟೋ ಮನೆಗಳಿಗೆ ನೀರಿನ ದಾರಿ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬಂದು ಕೆರೆಗೆ ಬೀಳುತ್ತದೆ. ಈ ನೀರಿಗಾಗಿ ಅಜ್ಜನಿಗೂ ಅವರ ಅಣ್ಣನಿಗೂ ನಂಬ್ರ, ಅಂದರೆ ಕೋರ್ಟು ಕೇಸು, ಆಗಿತ್ತು. 1954ರಲ್ಲಿ ಮುನ್ಸೀಫ್ ಕೋರ್ಟಿನಲ್ಲಿ ರಾಜಿಯಾಯಿತು. ಆಗ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ. ಅಪೀಲು ಅಂದರೆ ಮಂಗಳೂರು, ಅಲ್ಲಿಂದ ಮದರಾಸು. ಡಿಕ್ರಿ, ಅಂದರೆ ಕೋರ್ಟಿನ ಆದೇಶ, ಇಂಗ್ಲಿಷಿನಲ್ಲಿ ಟೈಪಾಗಿದೆ. ಅದಕ್ಕೆ ಸೇರಿಸಿದ ರಾಜಿ ಅರ್ಜಿ, ಜಾಗದ ವಿವರ ಬರೆದ ತಫಸೀಲು, ಗಡಿ ಹೇಳುವ ಚೆಕ್ಕುಬಂದಿ ಎಲ್ಲ ಕನ್ನಡದಲ್ಲಿ, ಯಾರೋ ಗುಮಾಸ್ತರ ಕೈಬರಹದಲ್ಲಿ.

ಈಗ ಅಜ್ಜನ ಅಣ್ಣನ ಕಡೆಯ ಮನೆಯವನು ಜಾಗ ಮಾರಲು ಹೊರಟಿದ್ದಾನೆ. ಕೆಟ್ಟವನಲ್ಲ. ಆದರೆ ಏಪ್ರಿಲ್ ತಿಂಗಳಲ್ಲಿ ಒಂದು ಕೊಡ ನೀರಿಗೆ ಕಾದು ಗೊತ್ತಿಲ್ಲ ಅವನಿಗೆ. ಬೆಂಗಳೂರಿನಿಂದ ಬರುತ್ತಾನೆ, ಎರಡು ದಿನ ಇರುತ್ತಾನೆ, ಹೋಗುತ್ತಾನೆ. ಸುರಂಗದ ನೀರು ಹರಿಯುವ ಕಣಿ ಅವನ ಜಾಗದಲ್ಲಿ ಇಲ್ಲವೇ ಇಲ್ಲ ಅಂತ ಅವನ ವಾದ. ತನ್ನ ಮನೆಯಲ್ಲಿದ್ದ ರಾಜಿಯ ಹಳೆ ಪ್ರತಿಯ ಜೆರಾಕ್ಸ್‌ಗೆ ನೋಟರಿ ಸೀಲು ಹಾಕಿಸಿ ತಂದಿದ್ದ. ಅದರಲ್ಲಿ ಕಣಿ ಇರುವ ಜಾಗದ ಸಬ್‌ಡಿವಿಷನ್ ನಂಬ್ರ ೯ ಅಂತ ಇದೆ. ೬ ಆದರೆ ಕಣಿ ಅವನ ಜಾಗದ ಮೇಲೆ, ೯ ಆದರೆ ಬೇರೆಯವರ ಜಾಗದ ಮೇಲೆ. ಒಂದು ಅಂಕೆಯ ಮೇಲೆ ನಮ್ಮ ತೋಟದ ನೀರು ನಿಂತಿದೆ.

ನೋಟರಿ ಸೀಲು ಕಂಡು ನಮ್ಮ ಮನೆಯಲ್ಲಿ ಎಲ್ಲರೂ ಹೆದರಿದರು. ವಕೀಲರು ಹೆದರಲಿಲ್ಲ. ಕೋರ್ಟಿನ ಕಡತಕ್ಕೆ ಕೋರ್ಟೇ ಕೊಡುವ ಸರ್ಟಿಫೈಡ್ ಕಾಪಿ ಬೇಕು, ದಾಖಲೆ ಯಾರ ವಶದಲ್ಲಿದೆಯೋ ಆ ಅಧಿಕಾರಿ ಕೊಡಬೇಕು ಅಂದರು. 1872ರ ಸಾಕ್ಷ್ಯ ಕಾನೂನಿನ 76ನೇ ಕಲಮಿನಲ್ಲಿ ಇದ್ದದ್ದು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 75ನೇ ಕಲಮು. ನಕಲಿನ ಕೊನೆಗೆ ಇದು ಸರಿಯಾದ ನಕಲು ಅಂತ ಬರೆದು, ತಾರೀಕು ಹಾಕಿ, ಅಧಿಕಾರಿ ತನ್ನ ಹೆಸರು, ಹುದ್ದೆ ಬರೆದು ಸಹಿ ಮಾಡಬೇಕು, ಸೀಲು ಹಾಕಬೇಕು. ಹಾಗೆ ಬಂದರೆ ಅದು ನಿಜವಾದದ್ದು ಅಂತಲೇ ಕೋರ್ಟು ಹಿಡಿದುಕೊಳ್ಳುತ್ತದೆ. ಅಲ್ಲ ಅನ್ನುವವರು ಅಲ್ಲ ಅಂತ ತೋರಿಸಬೇಕು. ಮೂಲ ಕಡತ ಹೊತ್ತುಕೊಂಡು ಯಾರೂ ಸಾಕ್ಷಿ ಹೇಳಲು ಬರಬೇಕಾಗಿಲ್ಲ.

ಅರ್ಜಿ ಹಾಕಿದೆ. ಕಡತ ಸಿಕ್ಕಿತು ಅನ್ನುವುದೇ ದೊಡ್ಡದು. ಸಾಕ್ಷಿಗಳ ಹೇಳಿಕೆ ಒಂದೂ ಇರಲಿಲ್ಲ. ಡಿಕ್ರಿ ಮತ್ತು ರಾಜಿ ಅರ್ಜಿ ಉಳಿದಿದ್ದವು. ಕಾಗದ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಹಿಂದಿನ ಪುಟದ ಶಾಯಿ ಮುಂದಕ್ಕೆ ಇಳಿದು ಜೆರಾಕ್ಸ್ ತೆಗೆದರೆ ಬರೀ ಕಪ್ಪು ಕಲೆ. ಹಾಗಾಗಿ ನೋಡಿ ನೋಡಿ ಟೈಪ್ ಮಾಡಿಯೇ ನಕಲು ತೆಗೆಯಬೇಕಾಯಿತು.

ನಾನು ಹೋದಾಗ ಹುಡುಗ ಆ ಅಂಕೆಯ ಹತ್ತಿರವೇ ನಿಂತಿದ್ದ. ಅವನು ಮಲಯಾಳಿ. ಅಚ್ಚಿನ ಕನ್ನಡ ಕಲಿತಿದ್ದಾನೆ, ಹಳೆ ಕೈಬರಹ ಅಭ್ಯಾಸ ಇಲ್ಲ. ನಾನು ಕಿಟಕಿಯಿಂದ ಬಗ್ಗಿ, "ಅದು ಆರು" ಅಂದೆ. ಆಗ ಬಂದದ್ದು ಆ ಮಾತು. ಆಮೇಲೆ ಮೆತ್ತಗೆ, ನನಗೆ ಅರ್ಥ ಆಗಲಿ ಅಂತ ಅವನಿಗೆ ಬಂದಷ್ಟು ಕನ್ನಡದಲ್ಲಿ ಹೇಳಿದ. "ನೀವು ಈ ಕೇಸಿನ ಪಕ್ಷಗಾರರಲ್ವಾ? ನೀವು ಓದಿದ್ದನ್ನು ನಾನು ಬರೆದರೆ ಈ ಸೀಲಿಗೆ ಏನು ಬೆಲೆ?"

ಮುಖಕ್ಕೆ ಬಿಸಿ ಬಡಿದ ಹಾಗಾಯಿತು. ನನ್ನ ಅಜ್ಜನ ನೀರು, ನನ್ನ ಭಾಷೆ, ನಾನು ಓದಬಾರದಾ? ಬಸ್ಸಿನಲ್ಲಿ ವಾಪಸು ಬರುವಾಗಲೂ ಅದೇ. ನೀವು ಓದಬೇಡಿ. ಬದಿಯಡ್ಕ ದಾಟುವ ಹೊತ್ತಿಗೆ ಸಿಟ್ಟು ಇಳಿದಿತ್ತು. ಆ ಹುಡುಗ ಮಾಡಿದ್ದು ಎಷ್ಟು ಸರಿ! ಬೇರೆ ಯಾರಾದರೂ ಆಗಿದ್ದರೆ ಆರು ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಾಳೆ ಎದುರಿನ ಮನೆಯವನು ಕಿಟಕಿಯಲ್ಲಿ ಬಗ್ಗಿ "ಒಂಬತ್ತು" ಅಂದರೆ? ಅವನಿಗೂ ಇದೇ ಉತ್ತರ ಸಿಗುತ್ತಿತ್ತು.

ಹುಡುಗ ಮಾಡಿದ್ದು ಇಷ್ಟು. ಇನ್ನೊಂದು ವಿಭಾಗದಿಂದ ಕುಂಬಳೆ ಕಡೆಯ ಒಬ್ಬ ಹಿರಿಯ ನೌಕರರನ್ನು ಕರೆದ. ಯಾರ ಕೇಸು, ಯಾವ ಅಂಕೆ ಬೇಕು ಅಂತ ಒಂದು ಮಾತೂ ಹೇಳಲಿಲ್ಲ. ಅವರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಾ ಹೋದರು, ಇವನು ಟೈಪ್ ಮಾಡಿದ್ದರ ಮೇಲೆ ಬೆರಳು ಇಟ್ಟು ಬಂದ. ಆ ಅಂಕೆ ಬಂದಾಗ ಹಿರಿಯರೂ ನಿಂತರು. ಅದೇ ಗುಮಾಸ್ತರು ಬೇರೆ ಕಡೆ ಬರೆದ ಆರು, ಒಂಬತ್ತುಗಳನ್ನೆಲ್ಲ ಹುಡುಕಿದರು. ತಾರೀಕಿನಲ್ಲಿ ಇತ್ತು, ಖರ್ಚಿನ ಲೆಕ್ಕದಲ್ಲಿ ಇತ್ತು. ಬಾಲ ಯಾವ ಕಡೆ ತಿರುಗುತ್ತದೆ ಅಂತ ಭೂತಗನ್ನಡಿ ಹಿಡಿದು ನೋಡಿ ಆಮೇಲೆ ಆರು ಅಂದರು. ನಕಲಿನ ಕೆಳಗೆ ಓದಿದವರ, ಹೋಲಿಸಿದವರ ಚುಟುಕು ಸಹಿ ಬಿತ್ತು.

ಈ ಚುಟುಕು ಸಹಿಗಳನ್ನು ಇಷ್ಟು ದಿನ ಸುಮ್ನೆ ಶಾಸ್ತ್ರಕ್ಕೆ ಅಂದುಕೊಂಡವರೇ ಜಾಸ್ತಿ. ಗೋಲ ಸೀಲು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಬಲ ಬರುವುದು ಇಬ್ಬರು ಕೂತು ಸಾಲು ಸಾಲು ಓದಿದ್ದಾರೆ ಅನ್ನುವುದರಿಂದ.

ನನ್ನ ಚಿಂತೆ ಈಗ ನಮ್ಮ ಒಂದು ಸುರಂಗದ್ದಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಅದಕ್ಕೆ ಮೊದಲಿನ ಪಾಲುಪಟ್ಟಿ, ಕಾಯಂ ಗೇಣಿಯಾದ ಮೂಲಗೇಣಿ, ತೋಟ ಗದ್ದೆಗೆ ತಾಗಿದ ಸರಕಾರಿ ಕುಮ್ಕಿ ಜಾಗ, ಹೆಣ್ಣಿನ ಕಡೆಯಿಂದ ಆಸ್ತಿ ಹೋಗುವ ಅಳಿಯಸಂತಾನದ ಕುಟುಂಬಗಳ ವ್ಯಾಜ್ಯ, ಎಷ್ಟೋ ಮನೆಗಳ ಹಕ್ಕು ಕನ್ನಡ ಕೈಬರಹದಲ್ಲಿ ಇದೆ. ಆ ಹಿರಿಯರು ಬರುವ ವರ್ಷ ನಿವೃತ್ತರಾಗುತ್ತಾರಂತೆ. ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಆಯಿತಲ್ಲ ಅನ್ನುತ್ತಾನೆ ನನ್ನ ಮಗ. ಸ್ಕ್ಯಾನ್ ಬೇಕು, ಕಾಗದ ಪುಡಿಯಾಗುವ ಮೊದಲೇ ಬೇಕು. ಆದರೆ ಅದು ಆರೋ ಒಂಬತ್ತೋ ಅಂತ ಸ್ಕ್ಯಾನ್ ಹೇಳುವುದಿಲ್ಲ. ಓದಲು ಬರುವವರು, ಅದರಲ್ಲೂ ಯಾರ ಕಡೆಯವರೂ ಅಲ್ಲದವರು, ಕಚೇರಿಯ ಒಳಗೇ ಇರಬೇಕು. ಇಲ್ಲದಿದ್ದರೆ ಪಕ್ಷಗಾರರೇ ಓದಿ ಹೇಳುವ ಕಾಲ ಬರುತ್ತದೆ. ಆಗ ದುಡ್ಡಿದ್ದವನ ಒಂಬತ್ತು ಗೆಲ್ಲುತ್ತದೆ.

ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆ ಅಂತಲೇ ನಮ್ಮ ಜಿಲ್ಲೆಯಲ್ಲಿ ಗುಮಾಸ್ತ ಹುದ್ದೆಗಳಿವೆ. ಅಂಥವರಿಗೆ ಹಳೆ ಕೈಬರಹ, ಹಳೆ ಅಂಕೆ, ತಫಸೀಲಿನ ಭಾಷೆ ಕಲಿಸಲು ಎಷ್ಟು ದಿನ ಬೇಕು? ಕಲಿಸುವ ಹಿರಿಯರು ಇನ್ನೂ ಕೆಲಸದಲ್ಲಿದ್ದಾರೆ. ಈ ಹುಡುಗನಂಥ ಮನಸ್ಸಿದ್ದವರು ಕಲಿಯುತ್ತಾರೆ. ಇದನ್ನೇ ಕೇಳಿ ಸರಕಾರಕ್ಕೆ ಒಂದು ಅರ್ಜಿ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿದ್ದೇನೆ, ಕೇರಳದ 1969ರ ಅಧಿಕೃತ ಭಾಷಾ ಕಾನೂನು ನಮಗೆ ಆ ಹಕ್ಕು ಕೊಟ್ಟಿದೆ. ನಮ್ಮ ಕಡೆಯ ಮೂರು ಮನೆಯವರು ಸಹಿ ಹಾಕುತ್ತೇವೆ ಅಂದಿದ್ದಾರೆ. ಎದುರಿನ ಮನೆಯವನನ್ನೂ ಕೇಳುತ್ತೇನೆ.